ಬಂಡೆ ತಳವನ್ನು ಎಣಿಸುವ ಮೊದಲು

ಪ್ರಶ್ನೆ: ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ನಮ್ಮ ಮೂವರ ತಂಡಕ್ಕೆ ಮೂರು ವರ್ಷದ ಸಣ್ಣ ಅನುದಾನ ಸಿಕ್ಕಿದೆ. ಭಟ್ಕಳ, ಮುರ್ಡೇಶ್ವರದ ಆಚೆ 12ರಿಂದ 25 ಮೀಟರ್ ಆಳದಲ್ಲಿರುವ ಬಂಡೆ ತಳದ ಜೀವಿಗಳ ಮೇಲೆ ನಿಗಾ ಇಡುವ ಕಾರ್ಯಕ್ರಮ ರೂಪಿಸಬೇಕು. ಅಲ್ಲಿ ಏನೇನಿದೆ ಎಂಬ ಹಳೆಯ ದಾಖಲೆ ನಮಗೆ ಹೆಚ್ಚೇನೂ ಸಿಕ್ಕಿಲ್ಲ. ನಾಲ್ಕು ಜಾಗ, ವರ್ಷಕ್ಕೆ ಎರಡು ಸಲ, ಸಿಕ್ಕ ಎಲ್ಲ ಪ್ರಭೇದಗಳ ಪಟ್ಟಿ, ನೀರಿನ ಹದಿನಾಲ್ಕು ಗುಣಗಳ ಪರೀಕ್ಷೆ. ಇದು ನಮ್ಮ ಕರಡು. 'ಎಷ್ಟು ಮಾದರಿ ತೆಗೆದರೆ ಸಾಕು?' ಎಂದು ಸಮಿತಿ ಕೇಳಿದೆ. ನಮ್ಮಲ್ಲಿ ಉತ್ತರವಿಲ್ಲ. ಸಮುದ್ರದಿಂದ ಇಷ್ಟು ದೂರ ಕುಳಿತು ಇದಕ್ಕೆ ಕೈಹಾಕಿದ್ದೇ ತಪ್ಪಾಯಿತೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ ಮೇಡಂ. ಅದನ್ನು ನನಗೂ ಕೆಲಸದುದ್ದಕ್ಕೂ ಕೇಳಿದ್ದಾರೆ. ನಾನು ಚಿತ್ರದುರ್ಗದವನು, ಕರಾವಳಿಯಲ್ಲಿ ದುಡಿದು, ನಿವೃತ್ತನಾಗಿ ಊರಿಗೆ ಮರಳಿದವನು. ಕೋಟೆಯೂರಿನವನಿಗೆ ಕಡಲಿನ ಉಸಾಬರಿ ಏಕೆ ಎಂದವರಿಗೆಲ್ಲ ನಮ್ಮ ಮರಡಿಹಳ್ಳಿಯ ಕಲ್ಲಿನ ಕಥೆ ಹೇಳುತ್ತಿದ್ದೆ. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಆ ಕಲ್ಲು, ನೀರಿನಡಿ ಉಕ್ಕಿದ ಲಾವಾ ತಣ್ಣೀರು ತಾಗಿ ಹೆಪ್ಪುಗಟ್ಟಿದ್ದು. ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನಾವೂ ಒಂದು ಕಾಲಕ್ಕೆ ನೀರಿನಡಿಯವರೇ. ತಮಾಷೆ ಬದಿಗಿರಲಿ, ದೂರ ಕುಳಿತವರಿಗೆ ಈ ಕೆಲಸದಲ್ಲಿ ಒಂದು ಅನುಕೂಲವೂ ಇದೆ; ಜಾಗ ಆರಿಸುವ ಮಾತು ಬಂದಾಗ ಹೇಳುತ್ತೇನೆ.

ನಿಮ್ಮ ಕರಡಿನಲ್ಲಿ ಕೆಲಸದ ಪಟ್ಟಿ ಇದೆ, ಪ್ರಶ್ನೆ ಇಲ್ಲ. 'ಜೀವವೈವಿಧ್ಯದ ಸ್ಥಿತಿಗತಿ ಅರಿಯುವುದು' ಎಂಬ ಸಾಲು ಅರ್ಜಿಯ ಮೊದಲ ಪುಟಕ್ಕೆ ಶೋಭೆ, ಅಷ್ಟೇ. 'ಬಂಡೆಯ ಮೇಲಿನ ಸ್ಪಂಜಿನ ಹೊದಿಕೆ ಐದು ವರ್ಷದಲ್ಲಿ ಕಾಲುಭಾಗ ಕಡಿಮೆಯಾದರೆ ಅದು ನಮಗೆ ಗೊತ್ತಾಗಬೇಕು' ಎಂದು ಬರೆದು ನೋಡಿ. (ಸ್ಪಂಜು ಎಂದರೆ ಬಂಡೆಗೆ ಅಂಟಿ ಬೆಳೆಯುವ ಪ್ರಾಣಿ, ಹೊದಿಕೆ ಎಂದರೆ ಅದು ಆವರಿಸಿದ ಜಾಗದ ಪಾಲು.) ಏನನ್ನು ಅಳೆಯಬೇಕು, ಎಷ್ಟು ಸೂಕ್ಷ್ಮವಾಗಿ, ಎಷ್ಟು ಕಾಲ ಎಂಬುದೆಲ್ಲ ಆ ಒಂದು ವಾಕ್ಯದಿಂದ ತಾನಾಗಿ ಇಳಿದು ಬರುತ್ತದೆ. ಸ್ಪಂಜೇ ಆಗಬೇಕೆಂದಿಲ್ಲ, ಮೃದು ಹವಳವಾಗಲಿ, ಪಾಚಿಯಾಗಲಿ, ಬಂಡೆಗವಿಯ ಮೀನಾಗಲಿ. ಎರಡನ್ನು, ಹೆಚ್ಚೆಂದರೆ ಮೂರನ್ನು ಹಿಡಿಯಿರಿ. ಎಲ್ಲವನ್ನೂ ಅಳೆಯಲು ಹೊರಟವರು ಎರಡನೇ ವರ್ಷದ ಹೊತ್ತಿಗೆ ಸುಸ್ತಾಗಿರುತ್ತಾರೆ. ಎರಡನೇ ವರ್ಷವಿಲ್ಲದ ನಿಗಾ ಬರೀ ಪ್ರವಾಸ.

ಮೂರು ವರ್ಷದ ಅನುದಾನದಲ್ಲಿ ಐದು ವರ್ಷದ ಪ್ರಶ್ನೆ ಏಕೆ ಎಂದು ನೀವು ಕೇಳಬಹುದು. ಹಿರಿಯೂರಿನ ಮಾರಿಕಣಿವೆಯನ್ನು, ಅಂದರೆ ವಾಣಿವಿಲಾಸ ಸಾಗರವನ್ನು ನೆನಪಿಸಿಕೊಳ್ಳಿ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಕಟ್ಟೆ. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ನಡುವಿನ ಯಾವುದೇ ಮೂರು ವರ್ಷ ಆರಿಸಿಕೊಂಡು ಯೋಜನೆ ನಡೆಸಿದ್ದವರು 'ಈ ಜಲಾಶಯ ತುಂಬುವುದಿಲ್ಲ' ಎಂದೇ ವರದಿ ಕೊಡುತ್ತಿದ್ದರು, ಅವರ ಅಂಕಿಗಳಲ್ಲಿ ತಪ್ಪೂ ಇರುತ್ತಿರಲಿಲ್ಲ. ದೇಶವೆಲ್ಲ ಮೀಟರಿಗೆ ಹೋದರೂ ಮಾರಿಕಣಿವೆಯ ಮಟ್ಟವನ್ನು ನಾವು ಇನ್ನೂ ಅಡಿಯಲ್ಲೇ ಹೇಳುತ್ತೇವೆ. ಹಾಗಾಗಿಯೇ ತಾತ ಹೇಳಿದ ಅಂಕಿಗೂ ಇವತ್ತಿನ ಪತ್ರಿಕೆಯ ಅಂಕಿಗೂ ತಾಳೆ ನೋಡಲು ಆಗುತ್ತದೆ. ನಿಮ್ಮ ಮೂರು ವರ್ಷದ ಕೆಲಸ ಹಾಗೆ ನಾಲ್ಕನೆಯವರು, ಹತ್ತನೆಯವರು ಮುಂದುವರಿಸುವಂತಿರಬೇಕು. ಸರಳವಾಗಿದ್ದರೆ ಮಾತ್ರ ಅದು ಸಾಧ್ಯ.

ಅದೇ ಕೆರೆಯಿಂದ ಇನ್ನೊಂದು ಪಾಠ. 2022ರಲ್ಲಿ ಕೋಡಿ ಬಿದ್ದದ್ದು ಮಳೆಯಿಂದಲೇ? ಕೆಲವು ವರ್ಷಗಳಿಂದ ಭದ್ರೆಯ ನೀರೂ ಅದಕ್ಕೆ ಬರುತ್ತಿತ್ತು. ಮಟ್ಟ ಒಂದನ್ನೇ ಬರೆದಿಟ್ಟವರು ಇದಕ್ಕೆ ಉತ್ತರ ಹೇಳಲಾರರು. ಮಳೆಯನ್ನೂ ಒಳಹರಿವನ್ನೂ ಬರೆದಿಟ್ಟವರು ಹೇಳಬಲ್ಲರು. ಬಂಡೆಯ ಮೇಲೆ ಏನು ಬದಲಾಯಿತು ಎಂಬುದರ ಜೊತೆಗೆ ಬದಲಾಯಿಸಬಲ್ಲ ಸಂಗತಿಯನ್ನೂ ಅಳೆಯಬೇಕು. ನಿಮ್ಮ ಹದಿನಾಲ್ಕು ಗುಣಗಳಲ್ಲಿ ನಾನು ಉಳಿಸಿಕೊಳ್ಳುವುದು ಮೂರು: ತಳದ ಉಷ್ಣತೆ, ಕರಗಿದ ಆಮ್ಲಜನಕ, ನೀರಿನ ತಿಳಿತನ. ವರ್ಷಕ್ಕೆರಡು ಬಾಟಲಿ ನೀರು ತಂದು ರಂಜಕ, ಸಾರಜನಕ ಅಳೆದರೆ ಆ ಎರಡು ಮಧ್ಯಾಹ್ನಗಳ ವಿಷಯ ತಿಳಿಯುತ್ತದೆ, ಅಷ್ಟೇ.

ಪಶ್ಚಿಮ ಕರಾವಳಿಯ ತೊಡಕು ಏನೆಂದರೆ, ಬಹಳ ಮುಖ್ಯವಾದದ್ದೆಲ್ಲ ನಾವು ನೀರಿಗಿಳಿಯಲಾಗದ ತಿಂಗಳುಗಳಲ್ಲಿ ನಡೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮುಂಗಾರಿನ ಕಡಲಿನಲ್ಲಿ ಮುಳುಗುಗಾರರಿಗೂ ಕೆಲಸವಿಲ್ಲ. ಅದೇ ಹೊತ್ತಿಗೆ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ದಂಡೆಯತ್ತ ಏರಿ ಬರುತ್ತದೆ. ಮಳೆಗಾಲದ ಕೊನೆಯಲ್ಲಿ ತಳದ ಜೀವಿಗಳಿಗೆ ಉಸಿರು ಕಟ್ಟುವಂಥ ಸ್ಥಿತಿ. ಅಕ್ಟೋಬರ್ ಕಳೆದು ನೀರು ತಿಳಿಯಾದ ಮೇಲೆ ನಾವು ಕ್ಯಾಮೆರಾ ಹಿಡಿದು ಹೋಗುತ್ತೇವೆ, ಜಗಳ ಮುಗಿದ ಮೇಲೆ ಬರುವ ಪಂಚಾಯಿತಿಯವರ ಹಾಗೆ. ಅದಕ್ಕೇ ಉಷ್ಣತೆ ದಾಖಲಿಸುವ ಪುಟ್ಟ ಉಪಕರಣಗಳನ್ನು ಮೇ ತಿಂಗಳಲ್ಲೇ ಬಂಡೆಯ ಸೀಳಿನಲ್ಲಿ ಭದ್ರವಾಗಿ ಕಟ್ಟಿ ಬನ್ನಿ. ಒಂದೊಂದು ಜಾಗಕ್ಕೆ ಎರಡೆರಡು. ಒಂದು ಕಳೆದೇ ಹೋಗುತ್ತದೆ, ಇನ್ನೊಂದಕ್ಕೆ ಬಾರ್ನಕಲ್ (ಕಲ್ಲಿಗೆ ಅಂಟಿಕೊಳ್ಳುವ ಚಿಪ್ಪಿನ ಜೀವಿ) ಕಟ್ಟಿರುತ್ತದೆ. ಆದರೂ ಅದರ ಹೊಟ್ಟೆಯಲ್ಲಿ ಮಳೆಗಾಲದ ನಾಲ್ಕು ತಿಂಗಳ ಕಥೆ ಇರುತ್ತದೆ. ಆಮ್ಲಜನಕದ ಉಪಕರಣ ದುಬಾರಿ. ಒಂದನ್ನಾದರೂ ಹೆಚ್ಚು ಆಳದ ಜಾಗದಲ್ಲಿ ಇಡಲು ಹಣ ಹೊಂದಿಸಿ. ಪ್ರಯೋಗಾಲಯದ ರಾಸಾಯನಿಕಗಳ ಪಟ್ಟಿಯಿಂದ ಕತ್ತರಿಸಿದರೆ ಹೊಂದುತ್ತದೆ.

ಈಗ ಜಾಗದ ಮಾತು. ಮೆಕ್ಕೆಜೋಳ ಬರುವ ಕಾಲದಲ್ಲಿ ನಿಮ್ಮೂರಿನ ಎಪಿಎಂಸಿಗೆ ಒಂದು ಬೆಳಿಗ್ಗೆ ಹೋಗಿ ನಿಲ್ಲಿ. ಖರೀದಿಗೆ ಬಂದವನು ಚೀಲದ ಬಾಯಿ ಬಿಚ್ಚಿಸುವುದಿಲ್ಲ. ಕೈಯಲ್ಲಿರುವ ಮೊನಚು ಕೊಳವೆಯನ್ನು ಚೀಲದ ಹೊಟ್ಟೆಗೇ ಚುಚ್ಚುತ್ತಾನೆ, ಜಾರಿಬಂದ ಕಾಳನ್ನು ಅಂಗೈ ಮೇಲೆ ಹರಡುತ್ತಾನೆ, ಒಂದೆರಡನ್ನು ಹಲ್ಲಿಗಿಟ್ಟು ಕಡಿದು ತೇವ ನೋಡುತ್ತಾನೆ, ಆಮೇಲೆ ಸಾಲಿನಲ್ಲಿ ಎಲ್ಲೋ ಒಳಗಿರುವ ಇನ್ನೊಂದು ಚೀಲಕ್ಕೆ ಹೋಗುತ್ತಾನೆ. ಮೇಲೆ ಕಾಣುವ ಕಾಳು ನೋಡಿ ಬೆಲೆ ಕೂಗುವವನು ಅಲ್ಲಿ ಒಂದು ಸುಗ್ಗಿ ಕೂಡ ಬಾಳಲಾರ. ಸಮುದ್ರದಲ್ಲಿ ಮಾತ್ರ ಓದಿದವರೆಲ್ಲ ಮೇಲಿನ ಕಾಳು ನೋಡಿಯೇ ಬೆಲೆ ಹೇಳುತ್ತಾರೆ. ಮುಳುಗುಗಾರ ನಿಮ್ಮನ್ನು ಕರೆದೊಯ್ಯುವುದು ಅವನಿಗೆ ಗೊತ್ತಿರುವ, ನೀರು ತಿಳಿಯಿರುವ, ನೋಡಲು ಚೆಂದವಿರುವ ಬಂಡೆಗೆ. ಮುರ್ಡೇಶ್ವರದಿಂದ ದೋಣಿ ಹತ್ತಿದವರು ನೇತ್ರಾಣಿಯ ಸುತ್ತ ನೋಡುವುದು ಇಂಥ ಜಾಗಗಳನ್ನೇ. ಅತ್ಯಂತ ಚೆಂದದ ಜಾಗವನ್ನು ಆರಿಸಿ ಶುರು ಮಾಡಿದರೆ ಮುಂದಿನ ವರ್ಷ ಅದು ಸ್ವಲ್ಪವಾದರೂ ಕಳೆಗುಂದಿಯೇ ಕಾಣುತ್ತದೆ. ಅದನ್ನು ನಾವು 'ಕುಸಿತ' ಎಂದು ಬರೆದುಬಿಡುತ್ತೇವೆ.

ನಾನು ಹೇಳಿದ ಅನುಕೂಲ ಇಲ್ಲಿದೆ. ಸಮುದ್ರ ಕಣ್ಣಿಗೆ ಬೀಳುವ ಮೊದಲೇ ದಾವಣಗೆರೆಯಲ್ಲಿ ಕುಳಿತು ಜಾಗ ಆರಿಸಿ. ನೌಕಾ ನಕ್ಷೆಯ ಆಳದ ಅಂಕಿಗಳ ಮೇಲೆ ಚೌಕಗಳನ್ನು ಎಳೆಯಿರಿ. 12ರಿಂದ 18 ಮೀಟರ್ ಒಂದು ಪಟ್ಟಿ, 18ರಿಂದ 25 ಇನ್ನೊಂದು. ಪ್ರತಿ ಪಟ್ಟಿಯ ಚೌಕಗಳಿಗೆ ಸಂಖ್ಯೆ ಕೊಟ್ಟು ಚೀಟಿ ಎತ್ತಿ. ಬಂದ ಕ್ರಮದಲ್ಲೇ ಪಟ್ಟಿ ಮಾಡಿ, ಸಹಿ ಹಾಕಿ, ದಿನಾಂಕ ಬರೆದಿಡಿ. ದೋಣಿ ಅಲ್ಲಿಗೆ ಹೋದಾಗ ಕೆಳಗೆ ಬರೀ ಮರಳಿದ್ದರೆ 'ಮರಳು' ಎಂದು ಬರೆದು ಪಟ್ಟಿಯ ಮುಂದಿನ ಸಂಖ್ಯೆಗೆ ಹೋಗಿ. ಐವತ್ತು ಮೀಟರ್ ಆಚೆ ಒಳ್ಳೆಯ ಬಂಡೆ ಇದೆ ಎಂದು ಯಾರು ಎಷ್ಟೇ ಒತ್ತಾಯಿಸಿದರೂ ಸರಿಯಬೇಡಿ.

ಚೌಕ ಎಳೆಯಲು ಬಂಡೆ ಎಲ್ಲೆಲ್ಲಿ ಹರಡಿದೆ ಎಂದು ತಿಳಿದಿರಬೇಕಲ್ಲ? ನಕ್ಷೆ ಅಷ್ಟು ವಿವರ ಕೊಡುವುದಿಲ್ಲ. ಒಂದು ವಾರ ಭಟ್ಕಳದ ಬಂದರಿನಲ್ಲಿ ಕಳೆಯಿರಿ. ಮೀನುಗಾರರಿಗೆ 'ಹವಳದ ದಿಬ್ಬ ಎಲ್ಲಿದೆ?' ಎಂದು ಕೇಳಬೇಡಿ, 'ಬಲೆ ಎಲ್ಲಿ ಹರಿಯುತ್ತದೆ ಅಣ್ಣ?' ಎಂದು ಕೇಳಿ. ಹರಿದ ಬಲೆಯ ಖರ್ಚು ಯಾರೂ ಮರೆಯುವುದಿಲ್ಲ. ಅವರ ಜಿಪಿಎಸ್‌ನಲ್ಲಿ ಆ ಜಾಗಗಳೆಲ್ಲ ಗುರುತಾಗಿರುತ್ತವೆ. ಗಾಳದವರಿಗೆ ಇನ್ನೂ ಚೆನ್ನಾಗಿ ಗೊತ್ತು, ಏಕೆಂದರೆ ಅವರಿಗೆ ಬೇಕಾದ ಮೀನು ಇರುವುದೇ ಕಲ್ಲಿನಲ್ಲಿ. ಕೇಳುವಾಗ ಎಪ್ಪತ್ತರವರನ್ನೂ ನಲವತ್ತೈದರವರನ್ನೂ ಇಪ್ಪತ್ತೈದರವರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಪ್ರತಿ ತಲೆಮಾರು ತಾನು ಕಂಡ ಮೊದಲ ಕಡಲನ್ನೇ ಸಹಜ ಕಡಲು ಎಂದು ತಿಳಿಯುತ್ತದೆ ಎಂದು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಬರೆದರು. ದಾಖಲೆ ಸಿಗದ ಕಡೆ ಆ ಮೂರು ತಲೆಮಾರಿನ ಮಾತಿನ ನಡುವಿನ ಅಂತರವೇ ನಿಮ್ಮ ಹಳೆಯ ದಾಖಲೆ. ಗರಗಸ ಮೀನನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳಿ ನೋಡಿ.

ಇನ್ನು ಸಮಿತಿಯ ಪ್ರಶ್ನೆ. ಎಷ್ಟು ಮಾದರಿ ಬೇಕು ಎಂಬುದಕ್ಕೆ ಯಾರಾದರೂ ತಕ್ಷಣ ಒಂದು ಸಂಖ್ಯೆ ಹೇಳಿದರೆ ನಂಬಬೇಡಿ. ಬಂಡೆಯಿಂದ ಬಂಡೆಗೆ ಎಷ್ಟು ವ್ಯತ್ಯಾಸವಿದೆ ಎಂಬುದರ ಮೇಲೆ ಅದು ನಿಂತಿದೆ, ನಿಮ್ಮ ಬಂಡೆಗಳನ್ನು ಇನ್ನೂ ಯಾರೂ ಅಳೆದಿಲ್ಲ. ಹಾಗಾಗಿ ಮೊದಲ ವರ್ಷದ ಕೆಲಸವನ್ನು ನಿಗಾ ಎಂದು ಕರೆಯದೆ ಪ್ರಾಯೋಗಿಕ ಸುತ್ತು ಎಂದೇ ಕರೆಯಿರಿ.

ಲೆಕ್ಕ ಹೇಗೆ ಬರುತ್ತದೆ ಎಂದು ತೋರಿಸಲು ಒಂದು ಕಲ್ಪಿತ ಉದಾಹರಣೆ. ಅರ್ಧ ಮೀಟರ್ ಚೌಕಟ್ಟಿನ ಚಿತ್ರಗಳಲ್ಲಿ ಸ್ಪಂಜಿನ ಹೊದಿಕೆ ಸರಾಸರಿ ಶೇ 20, ಪ್ರಮಾಣಿತ ವಿಚಲನೆ, ಅಂದರೆ ಚಿತ್ರದಿಂದ ಚಿತ್ರಕ್ಕೆ ಇರುವ ಏರಿಳಿತದ ಅಳತೆ, 15 ಎಂದಿಟ್ಟುಕೊಳ್ಳಿ. ಅದು ಶೇ 15ಕ್ಕೆ ಇಳಿದರೆ ನೂರಕ್ಕೆ ಎಂಬತ್ತು ಸಲವಾದರೂ ನಮಗೆ ತಿಳಿಯಬೇಕು, ಸುಳ್ಳು ಎಚ್ಚರಿಕೆ ನೂರಕ್ಕೆ ಐದನ್ನು ಮೀರಬಾರದು. ಪ್ರತಿ ಸಲ ಹೊಸ ಹೊಸ ಜಾಗಕ್ಕೆ ಚೌಕಟ್ಟು ಹಾಕಿದರೆ ಒಂದೊಂದು ಸುತ್ತಿಗೆ ಸುಮಾರು 140 ಚಿತ್ರ ಬೇಕು. ಶೇ 10ಕ್ಕೆ ಇಳಿದರೆ ತಿಳಿದರೆ ಸಾಕು ಎನ್ನುವುದಾದರೆ 35 ಸಾಕು. ಅರ್ಧದಷ್ಟು ಸಣ್ಣ ಬದಲಾವಣೆ ಹಿಡಿಯಲು ನಾಲ್ಕು ಪಟ್ಟು ಚಿತ್ರ. ಚೌಕಾಸಿಗೆ ಇಲ್ಲಿ ಜಾಗವಿಲ್ಲ. ಆದರೆ ಬಂಡೆಗೆ ಮೊಳೆ ಹೊಡೆದು ಅದೇ ಚೌಕವನ್ನೇ ಮತ್ತೆ ಚಿತ್ರಿಸಿದರೆ, ಎರಡು ಸಲದ ಅಳತೆಗಳ ಸಹಸಂಬಂಧ (ಎರಡೂ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ, ಪೂರ್ತಿ ಹೊಂದಿದರೆ 1) 0.8ರಷ್ಟಿದ್ದಲ್ಲಿ, ಆ 140 ಸುಮಾರು 30ಕ್ಕೆ ಇಳಿಯುತ್ತದೆ. ಮೂರು ಜನರ ತಂಡಕ್ಕೆ ಇದು ಸಣ್ಣ ಉಳಿತಾಯವಲ್ಲ. 25 ಮೀಟರ್ ಆಳದಲ್ಲಿ ಮುಳುಗುಗಾರನಿಗೆ ಸಿಗುವ ಸುರಕ್ಷಿತ ಸಮಯ ಅರ್ಧ ಗಂಟೆಯ ಒಳಗೇ. ಚಿತ್ರ ತೆಗೆದು ಮೇಲೆ ಬಂದರೆ ಮೂವತ್ತು ಆದೀತು, ಕೆಳಗೇ ಕುಳಿತು ಎಣಿಸಿದರೆ ಮೂರು.

ಹಾಗೆಂದು ಒಂದೇ ಬಂಡೆಯಲ್ಲಿ 140 ಚಿತ್ರ ತೆಗೆದು ತೃಪ್ತರಾಗಬೇಡಿ. ಅದು ಒಂದೇ ಚೀಲಕ್ಕೆ 140 ಸಲ ಚುಚ್ಚಿದ ಹಾಗೆ. ನಿಮ್ಮ ನಾಲ್ಕು ಜಾಗ ಕಡಿಮೆ. ವರ್ಷಕ್ಕೆರಡು ಸಲ ನಾಲ್ಕು ಜಾಗಕ್ಕೆ ಹೋಗುವ ದೋಣಿಯ ಖರ್ಚಿನಲ್ಲಿ ವರ್ಷಕ್ಕೊಮ್ಮೆ ಎಂಟು ಜಾಗಕ್ಕೆ ಹೋಗಿ, ಪ್ರತಿ ವರ್ಷ ಅದೇ ಡಿಸೆಂಬರಿನಲ್ಲಿ. ಎಂಟರಲ್ಲಿ ಐದು ಮೊಳೆ ಹೊಡೆದ ಕಾಯಂ ಜಾಗ. ಉಳಿದ ಮೂರಕ್ಕೆ ಪ್ರತಿ ವರ್ಷ ಹೊಸ ಚೀಟಿ. ಕಾಯಂ ಜಾಗ ಬದಲಾವಣೆಯನ್ನು ಬೇಗ ಹಿಡಿಯುತ್ತದೆ; ಆ ಐದು ಜಾಗಗಳೇ ಇಡೀ ಬಂಡೆ ತಳದ ಪ್ರತಿನಿಧಿಗಳೇ ಎಂದು ಹೊಸ ಚೀಟಿಯವು ಪರೀಕ್ಷಿಸುತ್ತವೆ. ಮುಂದೆ ಹತ್ತಿರದಲ್ಲಿ ಬಂದರೋ ಹೂಳೆತ್ತುವ ಕೆಲಸವೋ ಬಂದರೆ, ಅದರಿಂದ ದೂರವಿರುವ ಹಲವು ಜಾಗಗಳ 'ಮೊದಲಿನ' ಅಂಕಿ ನಿಮ್ಮ ಕೈಯಲ್ಲಿರುತ್ತದೆ. ಹೋಲಿಕೆಗೆ ಒಂದೇ ದೂರದ ಜಾಗ ಇಟ್ಟುಕೊಂಡವರನ್ನು ಎದುರು ವಕೀಲರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ.

ವಿಧಾನ ಬದಲಾಯಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಕಲಿತದ್ದು ಮಾನ ಕಳೆದುಕೊಂಡು. ವರ್ಷಗಳ ಹಿಂದೆ ಒಂದು ಅಳಿವೆಯ ಕೆಸರಿನ ಹುಳುಗಳನ್ನು ಎಣಿಸುತ್ತಿದ್ದೆವು. ಯಂತ್ರದ ದವಡೆ ಕಚ್ಚಿ ತಂದ ಕೆಸರನ್ನು ದೋಣಿಯ ಅಂಚಿನಲ್ಲೇ ಜರಡಿಗೆ (ನಮ್ಮ ಮನೆಯಲ್ಲಾದರೆ ಸಾಣಿಗೆ ಎನ್ನುತ್ತೇವೆ) ಸುರಿದು ನೀರು ಹೊಯ್ಯುತ್ತಿದ್ದೆವು. ಉಳಿದದ್ದನ್ನು ಫಾರ್ಮಲಿನ್‌ಗೆ ಹಾಕಿ, ರೋಸ್ ಬೆಂಗಾಲ್ ಬಣ್ಣ ಬೆರೆಸುತ್ತಿದ್ದೆವು. ಮರುದಿನ ಬಿಳಿ ತಟ್ಟೆಯಲ್ಲಿ ಹುಳುಗಳು ಗುಲಾಬಿ ದಾರದ ತುಂಡುಗಳಂತೆ ಕಾಣುತ್ತವೆ, ಚಿಮಟದಲ್ಲಿ ಎತ್ತಿ ಎಣಿಸುವುದು. ಮೂರನೇ ವರ್ಷ ಎಣಿಕೆ ದುಪ್ಪಟ್ಟಾಯಿತು. ಅಳಿವೆ ಚೇತರಿಸಿಕೊಂಡಿದೆ ಎಂದು ಟಿಪ್ಪಣಿ ಬರೆದೆವು, ಒಂದು ಸಭೆಯಲ್ಲಿ ಓದಿಯೂ ಆಯಿತು. ಆಮೇಲೊಂದು ಸಂಜೆ ಜರಡಿ ತೊಳೆಯುತ್ತಿದ್ದ ಹುಡುಗ ಹಿತ್ತಾಳೆ ಅಂಚಿನ ಅಕ್ಷರ ಓದಿ, 'ಸರ್, ಇದು ಅರ್ಧ ಮಿಲಿಮೀಟರಿನದು, ಹಳೆಯದು ಒಂದು ಮಿಲಿಮೀಟರಿನದಲ್ಲವೇ?' ಎಂದ. ಹಳೆಯದು ತೂತಾಗಿ ಹೊಸದು ತರಿಸಿದ್ದರು. ಇನ್ನೂ ಒಳ್ಳೆಯದು ಸಿಕ್ಕಿತು ಎಂದು ಸಣ್ಣ ಕಣ್ಣಿನದು ತಂದಿದ್ದರು. ಎರಡು ವರ್ಷ ನಮ್ಮ ಜರಡಿಯಿಂದ ನುಸುಳಿ ಕಡಲು ಸೇರಿದ ಸಣ್ಣ ಹುಳುಗಳೇ ಆ 'ಚೇತರಿಕೆ'.

ಬದಲಾಯಿಸಲೇಬೇಕಾದಾಗ ದಾರಿ ಇದೆ. ಹಳೆಯದನ್ನೂ ಹೊಸದನ್ನೂ ಒಂದು ವರ್ಷ ಒಟ್ಟಿಗೆ ನಡೆಸಿ. ಜರಡಿಯಾದರೆ ಒಂದರ ಕೆಳಗೊಂದು ಇಟ್ಟು ಎರಡರ ಲೆಕ್ಕವನ್ನೂ ಬೇರೆ ಬರೆಯಿರಿ. ಕ್ಯಾಮೆರಾ ಕೆಟ್ಟು ಹೊಸದು ಬಂದರೂ ಇದೇ ನಿಯಮ. ಉತ್ತರ ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳ ಹಿಂದೆ ಕಟ್ಟಿ ಎಳೆಯುವ ಪ್ಲವಕ (ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು) ಸಂಗ್ರಹ ಯಂತ್ರವೊಂದಿದೆ. 1931ರಿಂದ ಅದರ ಸಮೀಕ್ಷೆ ನಡೆದಿದೆ, ರೇಷ್ಮೆ ಜಾಲರಿಯ ಕಣ್ಣು ಇಂದಿಗೂ ಸುಮಾರು 270 ಮೈಕ್ರಾನ್. ಅದಕ್ಕಿಂತ ಒಳ್ಳೆಯ ಜಾಲರಿಗಳು ಎಷ್ಟೋ ಬಂದಿವೆ. ಅವರು ಬದಲಾಯಿಸಿಲ್ಲ.

ಪ್ರಭೇದಗಳ ಹೆಸರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಸ್ಪಂಜನ್ನು ಖಚಿತವಾಗಿ ಗುರುತಿಸಲು ಅದರ ಒಳಗಿನ ಸೂಜಿಯಂಥ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಚಿತ್ರ ನೋಡಿ ಲ್ಯಾಟಿನ್ ಹೆಸರು ಬರೆಯುವುದು ಜಾತಕ ಬರೆದ ಹಾಗೆ. 'ಕಿತ್ತಳೆ, ಪದರದಂಥದ್ದು', 'ಕಪ್ಪು, ಬಟ್ಟಲಿನಂಥದ್ದು' ಎಂದು ಆಕಾರದ ಗುಂಪು ಮಾಡಿ, ಪ್ರತಿ ಗುಂಪಿಗೂ ಹತ್ತು ಚಿತ್ರಗಳ ಆಲ್ಬಮ್ ಇಡಿ. ಆಸ್ಟ್ರೇಲಿಯಾದವರು ಇದಕ್ಕೆಂದೇ 'ಕಟಾಮಿ' ಎಂಬ ವರ್ಗೀಕರಣ ಮಾಡಿಕೊಂಡಿದ್ದಾರೆ, ಅಲ್ಲಿಂದ ಶುರು ಮಾಡಬಹುದು. ತುಂಡು ತರುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ; ಗಟ್ಟಿ ಹವಳಗಳೂ ಸಮುದ್ರ ಸೌತೆಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಜೀವಿಗಳು ನೀರಿನಲ್ಲಿ ಬಿಟ್ಟುಹೋದ ಡಿಎನ್‌ಎಯ ಪರೀಕ್ಷೆ ಈಗ ಎಲ್ಲರ ಬಾಯಲ್ಲೂ ಇದೆ. ಹೋಲಿಸಿ ನೋಡಲು ನಮ್ಮ ಕಡಲಿನ ಜೀವಿಗಳ ಡಿಎನ್‌ಎ ಭಂಡಾರ ತುಂಬಿಲ್ಲದೆ ಅರ್ಧಕ್ಕರ್ಧ ಅನಾಮಧೇಯರೇ ಬರುತ್ತಾರೆ. ನೀರು ಸೋಸಿದ ಕಾಗದವನ್ನು ಶೈತ್ಯದಲ್ಲಿಟ್ಟು ಮುಂದಿನವರಿಗೆ ಬಿಡಿ.

'ಕಾಣಲಿಲ್ಲ' ಎಂಬುದನ್ನೂ ಬರೆಯಿರಿ. ಆ ದಿನ ಎಷ್ಟು ಮೀಟರ್ ದೂರ ಕಾಣುತ್ತಿತ್ತು, ಯಾರು ಮುಳುಗಿದ್ದರು, ಎಷ್ಟು ನಿಮಿಷ ಎಂದು ಪಕ್ಕದಲ್ಲಿ ಇರಲಿ. ಎರಡು ಮೀಟರ್ ಕಾಣುವ ನೀರಿನಲ್ಲಿ ಮೀನು ಕಾಣದಿದ್ದರೆ ಅದು ನೀರಿನ ವಿಷಯ, ಮೀನಿನದಲ್ಲ.

ಸಮಿತಿಗೆ ಈಗ ಹೀಗೆ ಬರೆಯಿರಿ: 'ಮೊದಲ ಡಿಸೆಂಬರಿನಲ್ಲಿ ಎಂಟು ಜಾಗ, ತಲಾ 20 ಚಿತ್ರ; ಮಾದರಿಗಳ ಸಂಖ್ಯೆಯನ್ನು ಆ ಅಂಕಿಗಳ ಆಧಾರದ ಮೇಲೆ ಮಾರ್ಚ್ ಒಳಗೆ ತಿಳಿಸುತ್ತೇವೆ.' ಒಪ್ಪದಿದ್ದರೆ ಮೇಲಿನ 140, 35, 30ರ ಲೆಕ್ಕ ತೋರಿಸಿ. ಕ್ಯಾಮೆರಾವನ್ನು ಚೌಕಟ್ಟಿಗೇ ಬಿಗಿಯಾಗಿ ಜೋಡಿಸಿ, ಎತ್ತರ ಬದಲಾಗಬಾರದು. ಮೊಳೆಗಳು ತುಕ್ಕು ಹಿಡಿಯದ ಉಕ್ಕಿನವು ಇರಲಿ, ಸುತ್ತ ನೀರಿನೊಳಗೂ ಗಟ್ಟಿಯಾಗುವ ಎಪಾಕ್ಸಿ ಮೆತ್ತಿಸಿ. ಚಿತ್ರಗಳು ಬಂದ ಮೇಲೆ ಅವುಗಳಲ್ಲಿ ಹತ್ತನ್ನು ನೀವು ಒಬ್ಬರು, ನಿಮ್ಮ ಸಹೋದ್ಯೋಗಿ ಒಬ್ಬರು, ಒಬ್ಬರದನ್ನು ಇನ್ನೊಬ್ಬರು ನೋಡದೆ ಎಣಿಸಿ ಎರಡೂ ಪಟ್ಟಿ ನನಗೆ ಕಳುಹಿಸಿ. ಎರಡೂ ಒಂದೇ ಬಂದರೆ ಮತ್ತೆ ಎಣಿಸಲು ಹೇಳುತ್ತೇನೆ.